ನಾಮದ ಚಿಲುಮೆಯಿಂದ ಪಾವಗಡಕ್ಕೆ ಕಂತು ಕಂತಾಗಿ ನಡಿಗೆ: ಎಲ್ಲೆಲ್ಲಿ ತುಂಡು ಮಾಡೋದು?

ಹುಣಸೆತೋಪು:
ನಾವು ಮೂರು ಜನ, ತುಮಕೂರಿನವರು. ದೇವರಾಯನದುರ್ಗದ ನಾಮದ ಚಿಲುಮೆಯಿಂದ ಹೊರಟು ಕೊರಟಗೆರೆ, ಸಿ.ಎನ್. ದುರ್ಗ (ಚನ್ನರಾಯನದುರ್ಗ), ಮಧುಗಿರಿ, ಮಿಡಿಗೇಶಿ ದಾಟಿ ಪಾವಗಡದ ಕೋಟೆವರೆಗೆ ನಡೆದೇ ಹೋಗಬೇಕು ಅಂತಿದೀವಿ. ಒಂದೇ ಸಲ ಅಲ್ಲ, ಭಾನುವಾರಕ್ಕೊಂದು ಕಂತು. ಹಿಂದಿನ ಸಲ ನಿಲ್ಲಿಸಿದ ಜಾಗದಿಂದಲೇ ಮುಂದಿನದು ಶುರು. ಗುರುತು ಹಾಕಿದ ಟ್ರೇಲ್ ಇಲ್ಲ ಅಂತ ಗೊತ್ತು, ಬಂಡಿದಾರಿ, ಕೆರೆ ಏರಿ ಹಿಡಿದು ಹೋಗೋ ಲೆಕ್ಕ. ದಿನಕ್ಕೆ 20 ಕಿ.ಮೀ. ಹಾಕಿಕೊಂಡರೆ ಆಗುತ್ತಾ? ನೀರು ಎಲ್ಲಿ ತುಂಬಿಸೋದು? ಬೈಕ್ ಎಲ್ಲಿ ಬಿಡೋದು? ತಿಳಿದವರು ಹೇಳಿ.

ಬಂಡಿದಾರಿ:
ಸರ್, ಕಿಲೋಮೀಟರ್ ಹಿಡಿದು ತುಂಡು ಮಾಡಬೇಡಿ. ಬಸ್ ನಿಲ್ಲುವ ಊರು ಹಿಡಿದು ಮಾಡಿ, ದೂರ ಆಮೇಲಿನ ಮಾತು. 20 ಮುಗಿದ ಕಡೆ ಬರೀ ಹೊಲ ಇದ್ದರೆ ಟಾರ್ ರಸ್ತೆಗೆ ಇನ್ನೂ 4 ಕಿ.ಮೀ. ನಡೀಬೇಕು, ಮುಂದಿನ ವಾರ ಅದೇ 4 ವಾಪಸ್ ನಡೀಬೇಕು. ಕಂತಿನ ನಡಿಗೆ ಅರ್ಧಕ್ಕೆ ನಿಂತುಹೋಗೋದು ಹೆಚ್ಚಾಗಿ ಇದರಿಂದಲೇ.

ದೇವರಾಯನದುರ್ಗದಿಂದ ಕೊರಟಗೆರೆಗೆ ನೇರ ಗೆರೆ ಎಳೆದರೆ ಸುಮಾರು 17 ಕಿ.ಮೀ. ಹಳ್ಳಿ ದಾರಿ ಹಾಗೆ ನೇರ ಹೋಗಲ್ಲ, ಮೂರನೇ ಒಂದು ಪಾಲು ಸೇರಿಸಿಕೊಳ್ಳಿ. ಇದನ್ನ ಎರಡು ಕಂತು ಮಾಡಿ, ನಡುವಿನ ನಿಲ್ದಾಣ ಗೊರವನಹಳ್ಳಿ ಇರಲಿ. ಸ್ವಲ್ಪ ಸುತ್ತು ನಿಜ, ಆದರೆ ತೀತಾ ಜಲಾಶಯ ಪಕ್ಕದಲ್ಲೇ ಇದೆ, ಲಕ್ಷ್ಮಿ ದೇವಸ್ಥಾನಕ್ಕೆ ಬರುವ ಬಸ್ಸುಗಳಿವೆ, ನೆರಳು ನೀರು ಎರಡೂ ಸಿಗುತ್ತೆ. ದಾರಿ ಆರಿಸುವಾಗ ಜಯಮಂಗಲಿಯನ್ನ ಗಮನದಲ್ಲಿ ಇಟ್ಟುಕೊಳ್ಳಿ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಪಿನಾಕಿನಿ ಸೇರೋ ನದಿ ಅದು. ಅದೇ ಬೆಟ್ಟದ ಇನ್ನೊಂದು ಮಗ್ಗುಲಿನ ಶಿಂಷಾ ಕಾವೇರಿಗೆ ಹೋಗುತ್ತೆ. ಇಂಥ ಜಾಗದಿಂದ ನಡಿಗೆ ಶುರು ಮಾಡೋದೇ ಒಂದು ಭಾಗ್ಯ.

ಮೂರನೇ ಕಂತು ಕೊರಟಗೆರೆಯಿಂದ ಸಿ.ಎನ್. ದುರ್ಗ, ನಾಲ್ಕನೇದು ಅಲ್ಲಿಂದ ಮಧುಗಿರಿ. ಮಧುಗಿರಿ ದಾಟಿದ ಮೇಲೆ ಊರುಗಳು ದೂರ ದೂರ, ನೆರಳೂ ಕಡಿಮೆ. ಆ ಭಾಗವನ್ನ ಡಿಸೆಂಬರ್-ಜನವರಿಗೆ ಇಟ್ಟುಕೊಳ್ಳಿ. ಆಗ ರಾಗಿ ಕೊಯ್ಲು ಮುಗಿದಿರುತ್ತೆ, ಕೂಳೆ ಹೊಲದ ಬದು ಮೇಲೆ ನಡೆದರೂ ಯಾರಿಗೂ ನಷ್ಟ ಇಲ್ಲ. ಅಕ್ಟೋಬರ್‌ನಲ್ಲಿ ಪೈರು ನಿಂತಿರುತ್ತೆ, ಬಂಡಿದಾರಿ ಬಿಟ್ಟು ಇಳಿಯಲೇಬೇಡಿ.

ಬೈಕನ್ನ ಕಂತು ಮುಗಿಯುವ ಊರಲ್ಲಿ ಬಿಡಿ. ಬೆಳಿಗ್ಗೆ ಅಲ್ಲಿಂದ ಬಸ್ ಹತ್ತಿ ಶುರುವಿನ ಜಾಗಕ್ಕೆ ಹೋಗಿ, ಬೈಕ್ ಕಡೆಗೆ ನಡೀರಿ. ಸಂಜೆ ಕೊನೇ ಬಸ್ಸಿನ ಆತಂಕ ಇರಲ್ಲ, ಆತಂಕ ಇಲ್ಲದಿದ್ದರೆ ಕತ್ತಲಲ್ಲಿ ಅಡ್ಡದಾರಿ ಹಿಡಿಯೋ ತಪ್ಪೂ ಆಗಲ್ಲ.

ಸಮಯದ ಲೆಕ್ಕ: ಬಂಡಿದಾರಿಯಲ್ಲಿ ಗಂಟೆಗೆ 4 ಕಿ.ಮೀ., ಪೊದೆ-ಬಂಡೆ ಇರೋ ಕಡೆ 2. ಬೆಳಿಗ್ಗೆ 11ರ ನಂತರದ ನಡಿಗೆಗೆ ಕಾಲು ಭಾಗ ಸಮಯ ಕೂಡಿಸಿ. ಮೊದಲ ಕಂತು 12 ಕಿ.ಮೀ. ದಾಟದೇ ಇರಲಿ, ಶೂ ಎಲ್ಲಿ ಉಜ್ಜುತ್ತೆ, ಮೂವರಲ್ಲಿ ಯಾರ ಮಂಡಿ ನೋಯುತ್ತೆ ಅನ್ನೋದು ಆವತ್ತೇ ಗೊತ್ತಾಗಲಿ.

ಮಿಡಿಗೇಶಿ ಕಲ್ಲು:
ನಕ್ಷೆ ಬಗ್ಗೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆ ತಗೊಳ್ಳಿ, ಅದರಲ್ಲಿ 2 ಸೆಂ.ಮೀ. ಅಂದ್ರೆ 1 ಕಿ.ಮೀ. ಹಳೇ ಸಂಖ್ಯೆಯಲ್ಲಿ ದೇವರಾಯನದುರ್ಗ 57 ಜಿ/3, ಕೊರಟಗೆರೆ-ಮಧುಗಿರಿ 57 ಜಿ/2. ಪಾವಗಡ 57 ಎಫ್‌ಗೆ ಹೋಗುತ್ತೆ. ಕೆರೆ, ಹಳ್ಳ, ಬೆಟ್ಟದ ಏರು ಇದರಲ್ಲಿ ಚೆನ್ನಾಗಿ ಕಾಣುತ್ತೆ, ಹೊಸ ಲೇಔಟು ಬೇಲಿ ಕಾಣಲ್ಲ. ಅದಕ್ಕೆ ಉಪಗ್ರಹ ಚಿತ್ರ ಪಕ್ಕದಲ್ಲಿಟ್ಟು ಹೋಲಿಸಿ, ಆಮೇಲೆ ಓಎಸ್‌ಎಂಆಂಡ್‌ನಂಥ ಆಫ್‌ಲೈನ್ ಆಪ್‌ಗೆ ದಾರಿ ಹಾಕಿಕೊಳ್ಳಿ.

ಬೆಳಕು ಹರಿಯೋ ಮುಂಚೆ ಹೊಲದ ಅಂಚಿಗೆ ಹೋಗಲೇಬೇಡಿ. ಕಾಡುಹಂದಿಗೆ ಅಂತ ಕೆಲವರು ರಾತ್ರಿ ಬೇಲಿ ತಂತಿಗೆ ಲೈನಿನಿಂದಲೇ ನೇರವಾಗಿ ಕರೆಂಟ್ ಕೊಟ್ಟಿರ್ತಾರೆ. ಕಾನೂನಿಗೆ ವಿರುದ್ಧ, ಆದರೂ ಇದೆ. ಸೋಲಾರ್ ಬೇಲಿ ಬಿಟ್ಟು ಬಿಟ್ಟು ಹೊಡೆದು ದೂರ ತಳ್ಳುತ್ತೆ, ಲೈನಿನ ಕರೆಂಟ್ ಹಿಡಿದವರನ್ನ ಬಿಡಲ್ಲ.

ಕರಡಿ, ಚಿರತೆ ಎರಡೂ ಈ ಗುಡ್ಡಗಳಲ್ಲಿವೆ. ಕರಡಿ ಹಗಲಲ್ಲಿ ದೊಡ್ಡ ಬಂಡೆಗಳ ಸಂದಿನಲ್ಲಿ ಮಲಗಿರುತ್ತೆ, ಅಂಥ ಕಡೆ ಮೂವರೂ ಜೋರಾಗಿ ಮಾತಾಡಿಕೊಂಡು ಒಟ್ಟಿಗೆ ಹೋಗಿ. ಸಂಜೆ 5ರೊಳಗೆ ಬಂಡೆ ಪ್ರದೇಶ ಬಿಟ್ಟಿರಬೇಕು. ದೇವರಾಯನದುರ್ಗದ ಕಾಡಿನೊಳಗೆ ಕಾಲುದಾರಿ ಹಿಡಿಯೋದಾದ್ರೆ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಅನುಮತಿ ಕೇಳಿ. ಸಿಗದಿದ್ದರೆ ರಸ್ತೆಯಲ್ಲೇ ಇಳಿಯಿರಿ.

ಹುಣಸೆತೋಪು:
ತುಂಬಾ ಉಪಕಾರ ಆಯ್ತು. ನೀರಿಗೆ ಫಿಲ್ಟರ್ ಬಾಟಲ್ ಇದೆ, ಬೋರ್‌ವೆಲ್ ನೀರೇ ತುಂಬಿಸಿಕೊಂಡು ಹೋದ್ರೆ ಸಾಕಲ್ವಾ? ಇನ್ನೊಂದು, ನಾಲ್ಕನೇ ಕಂತಿನ ದಿನವೇ ಮಧುಗಿರಿ ಬೆಟ್ಟಾನೂ ಹತ್ತಿ ಮುಗಿಸಬಹುದಾ?

ಕಾರೆಮುಳ್ಳು:
ಫಿಲ್ಟರ್ ಬಾಟಲ್ ಮಣ್ಣು, ಬ್ಯಾಕ್ಟೀರಿಯಾ ತಡೆಯುತ್ತೆ. ಫ್ಲೋರೈಡ್ ತಡೆಯಲ್ಲ, ಅದು ನೀರಲ್ಲಿ ಕರಗಿರುತ್ತೆ. ಕುದಿಸಿದರೆ ನೀರು ಆವಿಯಾಗಿ ಪ್ರಮಾಣ ಇನ್ನೂ ಏರುತ್ತೆ. ಪಾವಗಡ ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಒಂದು ದಿನ ಕುಡಿದರೆ ಏನೂ ಆಗಲ್ಲ, ಆದರೆ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಇರುವಾಗ ಅದನ್ನೇ ಬಳಸಿ. ಕಾಯಿನ್ ಹಾಕೋ ಯಂತ್ರ, 5 ರೂಪಾಯಿ ನಾಣ್ಯ ನಾಲ್ಕೈದು ಜೇಬಲ್ಲಿರಲಿ. ಒಂದು ನಾಣ್ಯಕ್ಕೆ ಕ್ಯಾನ್ ತುಂಬುವಷ್ಟು ಬರುತ್ತೆ, ಮೂವರೂ ಬಾಟಲ್ ಮುಚ್ಚಳ ತೆಗೆದು ಸಾಲಾಗಿ ನಿಂತ ಮೇಲೆ ಹಾಕಿ, ನೀರು ಚೆಲ್ಲಬಾರದು. ಕರೆಂಟ್ ಇಲ್ಲದಿದ್ದರೆ ಘಟಕ ನಡೆಯಲ್ಲ, ಹಾಗಾಗಿ ಒಂದು ಘಟಕ ಕೈಕೊಟ್ಟರೂ ಮುಂದಿನ ಊರು ಮುಟ್ಟುವಷ್ಟು ನೀರು ಸದಾ ಇರಬೇಕು. ತಲೆಗೆ ಗಂಟೆಗೆ ಅರ್ಧ ಲೀಟರ್ ಲೆಕ್ಕ, ಹೊರಡುವಾಗ 3 ಲೀಟರ್. ಓಆರ್‌ಎಸ್ ಪೊಟ್ಟಣ ಪೂರ್ತಿ 1 ಲೀಟರಿಗೇ ಕಲಸಿ, ಅರ್ಧ ಬಾಟಲಿಗೆ ಸುರಿದರೆ ಉಪ್ಪು ಹೆಚ್ಚಾಗುತ್ತೆ.

ಬೆಟ್ಟ ಅದೇ ದಿನ ಬೇಡ. ಊರಿನ ಮಟ್ಟದಿಂದ ಸುಮಾರು 400 ಮೀಟರ್ ಏರು, ಕಷ್ಟ ಇರೋದು ಇಳಿಯುವಾಗ. ಮೇಲಿನ ಭಾಗ ಬೋಳುಬಂಡೆ, ಕಾಲಿಡಲು ಕೊರೆದ ಗುಳಿಗಳು, ಹಿಡಿಯಲು ಕಂಬಿ. ನಡೆದು ದಣಿದ ತೊಡೆ ಅಲ್ಲಿ ನಡುಗುತ್ತೆ. ಬಂಡೆ ಮೇಲೆ ಕಪ್ಪು ಪಟ್ಟೆ ಕಾಣುತ್ತಲ್ಲ, ಅದು ಮಳೆನೀರು ಹರಿದು ಪಾಚಿ ಕಟ್ಟಿದ ಜಾಗ. ಒಣಗಿದಾಗ ಪರವಾಗಿಲ್ಲ, ನವೆಂಬರ್‌ನ ಒಂದು ಜಡಿಮಳೆ ಬಿದ್ದರೆ ಸೋಪಿನ ಥರ. ಬೆಟ್ಟಕ್ಕೇ ಒಂದು ಬೆಳಗ್ಗೆ ಇಟ್ಟುಕೊಳ್ಳಿ. ಹೆಸರೇ ಮಧುಗಿರಿ, ಬಂಡೆ ಅಂಚಲ್ಲಿ ಹೆಜ್ಜೇನು ಕಟ್ಟಿರುತ್ತೆ. ಸೆಂಟು, ಬೀಡಿ, ಕಲ್ಲೆಸೆತ ಮೂರೂ ಬೇಡ.

ಇನ್ನು ಶೂ. ಈ ದಾರಿಯುದ್ದಕ್ಕೂ ಬಳ್ಳಾರಿ ಜಾಲಿ. ಮೆತ್ತನೆ ಓಟದ ಶೂನ ಅಡಿಯನ್ನ ಆ ಮುಳ್ಳು ಸಲೀಸಾಗಿ ತೂರುತ್ತೆ. ಹೊರಗೆ ಕಾಣೋ ತುದಿ ಮುರಿದುಹೋಗಿ ಉಳಿದದ್ದು ಒಳಗೇ ನಿಲ್ಲುತ್ತೆ, ಹೆಜ್ಜೆ ಊರಿದಾಗ ಮಾತ್ರ ಚುಚ್ಚುತ್ತೆ. ಗಟ್ಟಿ ರಬ್ಬರ್ ಅಡಿ ಇರೋದು ತಗೊಳ್ಳಿ, ಮೂವರಿಗೆ ಒಂದು ಚಿಮುಟ ಸಾಕು. ಚುಚ್ಚಿದ ಕೂಡಲೇ ಕೂತು ಒಳಗಿನ ಅಟ್ಟೆ ತೆಗೆದು, ಕರ್ಚೀಫು ಸುತ್ತಿದ ಬೆರಳು ಆಡಿಸಿ ಹುಡುಕಿ, ಒಳಗಿನಿಂದಲೇ ಎಳೆಯಿರಿ.

ಬಂಡಿದಾರಿ:
ಒಂದು ಬಿಟ್ಟುಹೋಗಿತ್ತು. ನಿಲ್ಲಿಸಿದ ಜಾಗವನ್ನ ಆಪ್‌ನಲ್ಲಿ ಉಳಿಸಿ, ಜೊತೆಗೆ ಫೋಟೋ ತೆಗೀರಿ, ಕಿಲೋಮೀಟರ್ ಕಲ್ಲೋ ಬಸ್ ತಂಗುದಾಣದ ಬೋರ್ಡೋ ಕಾಣಬೇಕು. ಮೂವರ ಫೋನಲ್ಲೂ ಇರಲಿ. "ಆ ಹುಣಸೆಮರದ ಹತ್ರ" ಅಂತ ನೆನಪಿಟ್ಟುಕೊಂಡರೆ ಮುಂದಿನ ತಿಂಗಳು ಅಂಥ ಮರ ಹತ್ತು ಕಾಣುತ್ತೆ.