ಅಯೋವಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಮಗಳನ್ನು ಕಳಿಸಬಹುದೇ? ‘ಲ್ಯಾಂಡ್ ಗ್ರಾಂಟ್’ ಎಂದರೆ ಏನು?

ಪ್ರಶ್ನೆ: ಕಬ್ಬು ಬೆಳೆಗಾರ, ಮದ್ದೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಕೃಷಿ ಕೊನೆಯ ವರ್ಷದಲ್ಲಿದ್ದಾಳೆ. ತಳಿ ಅಭಿವೃದ್ಧಿಯಲ್ಲಿ ಎಂ.ಎಸ್. ಓದಬೇಕೆಂಬುದು ಅವಳ ಆಸೆ. ಅಮೆರಿಕದ ಏಮ್ಸ್ ಎಂಬ ಊರಿನಲ್ಲಿರುವ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಹೆಸರನ್ನು ಅವಳು ಪದೇ ಪದೇ ಹೇಳುತ್ತಾಳೆ. ಅದು ಸರ್ಕಾರಿ ‘ಲ್ಯಾಂಡ್ ಗ್ರಾಂಟ್’ ವಿಶ್ವವಿದ್ಯಾಲಯವಂತೆ. ಹಾಗೆಂದರೆ ಜಮೀನು ದಾನವಾಗಿ ಪಡೆದ ಕಾಲೇಜೇ? ಸರ್ಕಾರಿ ಆದ್ದರಿಂದ ಶುಲ್ಕ ಕಡಿಮೆ ಇರುತ್ತದೆಯೇ? ನಾಲೆ ಬಯಲಿನಲ್ಲಿ ನಮಗೆ ಇರುವುದು ಎರಡೂವರೆ ಎಕರೆ. ಅದರಲ್ಲಿ ಒಂದು ಎಕರೆ ಮಾರಿಯಾದರೂ ಕಳಿಸೋಣ ಎಂದು ಮನೆಯಲ್ಲಿ ಮಾತು ನಡೆದಿದೆ. ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ವಿಸ್ತರಣಾ ಪ್ರಾಧ್ಯಾಪಕ, ಸರಸ್ವತಿಪುರಂ, ಮೈಸೂರು

ನಮಸ್ಕಾರ. ಮೊದಲು ಹೆಸರಿನ ಅರ್ಥ ಹೇಳುತ್ತೇನೆ, ಏಕೆಂದರೆ ಆ ಅರ್ಥದಲ್ಲೇ ಆ ವಿಶ್ವವಿದ್ಯಾಲಯದ ಸ್ವಭಾವವೂ ಅಡಗಿದೆ. 1862ರ ಜುಲೈ 2ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯಿದೆಯ ಪ್ರಕಾರ, ಪ್ರತಿ ರಾಜ್ಯಕ್ಕೂ ಅದರ ಒಬ್ಬೊಬ್ಬ ಸೆನೆಟರ್ ಮತ್ತು ಒಬ್ಬೊಬ್ಬ ಜನಪ್ರತಿನಿಧಿಯ ಲೆಕ್ಕದಲ್ಲಿ 30,000 ಎಕರೆ ಕೇಂದ್ರ ಸರ್ಕಾರದ ಭೂಮಿ ದೊರೆಯಿತು. ಆ ಭೂಮಿಯ ಬಹುಪಾಲು ಕಾಲೇಜು ಕಟ್ಟುವ ಜಾಗವಾಗಿರಲಿಲ್ಲ. ಅದನ್ನು ಮಾರಿ, ಬಂದ ಹಣವನ್ನು ಮೂಲನಿಧಿಯಾಗಿಟ್ಟು, ಅದರ ಆದಾಯದಿಂದ ರೈತರ ಮತ್ತು ಕಾರ್ಮಿಕರ ಮಕ್ಕಳಿಗೆ ಕೃಷಿಯನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜು ನಡೆಸಬೇಕಾಗಿತ್ತು. ಈ ಷರತ್ತನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಂಡ ರಾಜ್ಯವೇ ಅಯೋವಾ. ಹಾಗೆ ಹಂಚಿದ ಭೂಮಿ ಅದಕ್ಕೂ ಹಿಂದೆ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳ ಕೈತಪ್ಪಿ ಹೋಗಿದ್ದ ಭೂಮಿ ಎಂಬುದನ್ನು ತಮ್ಮ ಮಗಳು ತಿಳಿದುಕೊಂಡೇ ಅಲ್ಲಿಗೆ ಹೋಗಬೇಕು ಎಂದು ನನಗನ್ನಿಸುತ್ತದೆ.

1887ರ ಹ್ಯಾಚ್ ಕಾಯಿದೆಯಿಂದ ಈ ಕಾಲೇಜುಗಳಿಗೆ ಸಂಶೋಧನಾ ಕೇಂದ್ರಗಳು ಸೇರಿಕೊಂಡವು, 1914ರ ಸ್ಮಿತ್–ಲೀವರ್ ಕಾಯಿದೆಯಿಂದ ವಿಸ್ತರಣೆ, ಅಂದರೆ ಸಂಶೋಧನೆಯ ಫಲವನ್ನು ರೈತರಿಗೆ ತಲುಪಿಸುವ ಕೆಲಸ, ಸೇರಿತು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಈ ಮೂರನ್ನು ಒಂದೇ ಸೂರಿನಡಿ ತಂದ ಏರ್ಪಾಡು ತಮಗೆ ಹೊಸದೇನಲ್ಲ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಇದೇ ಮಾದರಿಯಲ್ಲಿ, ಟೆನೆಸ್ಸೀ ವಿಶ್ವವಿದ್ಯಾಲಯದ ನೆರವಿನಿಂದ. ತಮ್ಮ ಮಗಳು ಓದುತ್ತಿರುವ ವಿ.ಸಿ. ಫಾರಂ ಕೂಡ ಅದೇ ಪರಂಪರೆಗೆ ಸೇರಿದ್ದು. ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ಲಕ್ಷ್ಮಣಯ್ಯನವರು ‘ಇಂಡಾಫ್’ ತಳಿಗಳನ್ನು ರೂಪಿಸಿದ್ದು ಆ ತಾಕುಗಳಲ್ಲೇ. ಪ್ರಯೋಗ ಫಾರಂನಲ್ಲಿ ನಡೆಯಿತು, ಫಲ ನಮ್ಮ ಹೊಲಗಳಿಗೆ ಬಂತು. ಲ್ಯಾಂಡ್ ಗ್ರಾಂಟ್ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೊಡುವ ಉದಾಹರಣೆ ಅದೇ.

ಅಯೋವಾ ಸ್ಟೇಟ್‌ನ ಹೆಮ್ಮೆಯ ವಿಚಾರ ಒಂದನ್ನು ಹೇಳಿಬಿಡುತ್ತೇನೆ. ಗುಲಾಮಗಿರಿಯಲ್ಲಿ ಹುಟ್ಟಿ, ಮುಂದೆ ಹೆಸರಾಂತ ಕೃಷಿ ವಿಜ್ಞಾನಿಯಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1891ರಲ್ಲಿ ಅಲ್ಲಿ ಸೇರಿ, 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿನ ಮೊದಲ ಕಪ್ಪು ವಿದ್ಯಾರ್ಥಿಯೂ ಮೊದಲ ಕಪ್ಪು ಅಧ್ಯಾಪಕರೂ ಅವರೇ.

ಉತ್ತರ 2: ಸಂಶೋಧನಾ ವಿದ್ಯಾರ್ಥಿ, ಏಮ್ಸ್ (ಊರು ಶ್ರೀರಂಗಪಟ್ಟಣ)

ಅಣ್ಣ, ದಯವಿಟ್ಟು ಗದ್ದೆ ಮಾರುವ ಮಾತನ್ನು ಸದ್ಯಕ್ಕೆ ಬಿಟ್ಟುಬಿಡಿ. ಇಲ್ಲಿ ‘ಸರ್ಕಾರಿ’ ಎಂದರೆ ರಾಜ್ಯ ಸರ್ಕಾರದ್ದು ಎಂದರ್ಥ, ಹಾಗಾಗಿ ಕಡಿಮೆ ಶುಲ್ಕವೂ ಈ ರಾಜ್ಯದ ನಿವಾಸಿಗಳಿಗೇ. ಹೊರ ರಾಜ್ಯದವರಿಗೆ ಅದರ ಎರಡು ಪಟ್ಟಿಗೂ ಹೆಚ್ಚು, ವಿದೇಶದಿಂದ ಬಂದ ನಮಗೂ ಹಾಗೆಯೇ. ಕೃಷಿ ವಿಜ್ಞಾನದಲ್ಲಿ ಎಂ.ಎಸ್. ಮಾಡುವ ನಮ್ಮಂಥವರಲ್ಲಿ ಬಹಳ ಮಂದಿ ಬರುವುದು ಸಂಶೋಧನಾ ಸಹಾಯಕರಾಗಿ. ವಾರಕ್ಕೆ 20 ಗಂಟೆಯ ಕೆಲಸಕ್ಕೆ ತಿಂಗಳ ವೇತನ ಸಿಗುತ್ತದೆ, ಶುಲ್ಕದಲ್ಲೂ ಒಂದು ಭಾಗ ವಿನಾಯಿತಿ ಸಿಗುತ್ತದೆ. ಈ ಹಣ ಬರುವುದು ಹೆಚ್ಚಾಗಿ ಪ್ರಾಧ್ಯಾಪಕರ ಸಂಶೋಧನಾ ಯೋಜನೆಯಿಂದ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಅವರಿಗೆ ಪತ್ರ ಬರೆಯಬೇಕು. ‘ನಾನು ಚೆನ್ನಾಗಿ ಓದುವ ವಿದ್ಯಾರ್ಥಿನಿ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಅವರ ಪ್ರಬಂಧವೊಂದನ್ನು ನಿಜವಾಗಿ ಓದಿ, ತಾನು ಯಾವ ಬೆಳೆಯಲ್ಲಿ, ಎಷ್ಟು ತಾಕುಗಳಲ್ಲಿ, ಏನನ್ನು ಅಳೆದಿದ್ದೇನೆ ಎಂದು ನೇರವಾಗಿ ಬರೆಯಬೇಕು.

ಕೆಲಸ ಹೇಗಿರುತ್ತದೆ ಎಂದರೆ, ಜುಲೈ ತಿಂಗಳಲ್ಲಿ ಮುಸುಕಿನ ಜೋಳಕ್ಕೆ ಪರಾಗಸ್ಪರ್ಶ ಮಾಡಿಸಬೇಕು. ತೆನೆಯಿಂದ ರೇಷ್ಮೆಯಂಥ ಎಳೆಗಳು ಹೊರಬರುವ ಮುನ್ನವೇ ಅದಕ್ಕೆ ಸಣ್ಣ ಕಾಗದದ ಚೀಲ ತೊಡಿಸಿ, ಗಂಡು ಹೂವಿಗೆ ದೊಡ್ಡ ಚೀಲ ಕಟ್ಟಿ, ಮಾರನೆಯ ದಿನ ಆ ಚೀಲದಲ್ಲಿ ಉದುರಿದ ಪುಡಿಯನ್ನು ತೆನೆಯ ಮೇಲೆ ಸುರಿದು, ಯಾವುದಕ್ಕೆ ಯಾವುದನ್ನು ಸೇರಿಸಿದೆವು ಎಂದು ಚೀಲದ ಮೇಲೆಯೇ ಬರೆಯಬೇಕು. ತಲೆಗಿಂತ ಎತ್ತರದ ಸಾಲುಗಳ ನಡುವೆ ನಡೆಯುವಾಗ ಗರಿಯ ಅಂಚು ಕೈಯನ್ನು ಕೊಯ್ಯುತ್ತದೆ. ಕಬ್ಬಿನ ಗದ್ದೆಯಲ್ಲಿ ಬೆಳೆದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಮಣ್ಣು ಕಪ್ಪಗೆ, ಆಳವಾಗಿದೆ. ಮೊದಲ ಸಲ ಕೈಯಲ್ಲಿ ಹಿಡಿದಾಗ ನಮ್ಮ ಕೆಮ್ಮಣ್ಣು ನೆನಪಾಗಿ ಬಹಳ ಹೊತ್ತು ಸುಮ್ಮನೆ ನಿಂತಿದ್ದೆ.

ಚಳಿಗಾಲ ಕಷ್ಟ. ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ದಿನಗಳಿರುತ್ತವೆ. ಊರು ಚಿಕ್ಕದು, ವಿಶ್ವವಿದ್ಯಾಲಯದಲ್ಲಿ ಸುಮಾರು 30,000 ವಿದ್ಯಾರ್ಥಿಗಳಿದ್ದಾರೆ, ಬಸ್ಸಿನ ವ್ಯವಸ್ಥೆ ಚೆನ್ನಾಗಿದೆ. ಒಬ್ಬಳೇ ಹೆಣ್ಣುಮಗಳು ಹೇಗಿರುತ್ತಾಳೋ ಎಂಬ ಚಿಂತೆ ಮನೆಯಲ್ಲಿದ್ದರೆ, ಇಲ್ಲಿರುವ ನಮ್ಮ ಕಡೆಯ ವಿದ್ಯಾರ್ಥಿನಿಯರ ಜೊತೆ ಅವಳು ಮಾತನಾಡಲು ನಾನು ಏರ್ಪಾಡು ಮಾಡುತ್ತೇನೆ.

ಉತ್ತರ 3: ಬ್ಯಾಂಕ್ ಉದ್ಯೋಗಿ, ಮಂಡ್ಯ

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಪ್ರವೇಶ ದೊರೆತ ಮೇಲೆ ವಿಶ್ವವಿದ್ಯಾಲಯವು ಐ-20 ಎಂಬ ಪತ್ರ ಕಳಿಸುತ್ತದೆ. ಅಂದಾಜು ಖರ್ಚು ಎಷ್ಟು, ಅದರಲ್ಲಿ ವಿಶ್ವವಿದ್ಯಾಲಯ ಕೊಡುವುದೆಷ್ಟು, ತಾವು ತೋರಿಸಬೇಕಾದದ್ದೆಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಆ ಅಂಕಿಗಳನ್ನು ಕಣ್ಣಾರೆ ನೋಡುವವರೆಗೆ ಸಾಲಕ್ಕೂ ಕ್ರಯಪತ್ರಕ್ಕೂ ಸಹಿ ಹಾಕಬೇಡಿ. ಈ ವರ್ಷ ಸಹಾಯಧನ ಸಿಗದಿದ್ದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲೋ ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲೋ ಎಂ.ಎಸ್ಸಿ. ಮುಗಿಸಿ, ಪಿಎಚ್.ಡಿ.ಗೆ ಹೊರಗೆ ಹೋಗುವ ದಾರಿಯೂ ಇದೆ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. ಜಮೀನಿನ ಮಾತನ್ನು ನಿಲ್ಲಿಸಿದ್ದೇವೆ. ಅವಳು ಗ್ರಾಮವಾಸದ ತರಬೇತಿಗೆ ಹೋಗಿದ್ದಾಗ, ಬೆಂಕಿರೋಗ ಬಿದ್ದ ರಾಗಿಯ ಹೊಲಗಳಲ್ಲಿ ತೆನೆಗಳನ್ನು ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಅಲ್ಲಿ ರಾಗಿ ಬೆಳೆಯುವುದಿಲ್ಲವಲ್ಲ, ಅದನ್ನು ಪತ್ರದಲ್ಲಿ ಬರೆದರೆ ಅಡ್ಡಿಯೇನಾದರೂ ಇದೆಯೇ ಎಂದು ಕೇಳುತ್ತಿದ್ದಾಳೆ.

ಸಂಶೋಧನಾ ವಿದ್ಯಾರ್ಥಿ, ಏಮ್ಸ್

ಖಂಡಿತ ಬರೆಯಲಿ, ಮೊದಲ ಪ್ಯಾರಾದಲ್ಲೇ ಬರೆಯಲಿ. ಬೆಳೆ ಯಾವುದಾದರೂ ರೋಗ ಎಣಿಸುವ ಕ್ರಮ ಒಂದೇ. ಎಷ್ಟು ಹೊಲ, ಹೊಲಕ್ಕೆ ಎಷ್ಟು ತೆನೆ, ಯಾವ ತಳಿ ಎಂಬುದು ಆ ಪುಸ್ತಕದಲ್ಲಿದ್ದರೆ ಅದರ ಎರಡು ಪುಟಗಳ ಫೋಟೋವನ್ನೂ ಪತ್ರದ ಜೊತೆ ಲಗತ್ತಿಸಲು ಹೇಳಿ.