ದೊಡ್ಡಪ್ಪನಿಗೆ ಕಥೆ ಓದಿಕೊಡೋ ವಿಷಯ

ಶಾರದಕ್ಕ, ನೀನು ಕಳಿಸಿದ್ದು ಕೇಳಿದೆ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳು. ಸಿಂಧುಗೂ ಆದಿಗೂ ಕೇಳಿಸು, ದೊಡ್ಡಪ್ಪನಿಗೆ ಕಥೆ ಓದಿ ರೆಕಾರ್ಡ್ ಮಾಡಿಕೊಡೋರು ಅವರೇ ತಾನೆ.

ಆಡಿಯೋ ಪುಸ್ತಕ ಹಾಕಿಕೊಟ್ರೆ ದೊಡ್ಡಪ್ಪ ಎರಡು ದೂರು ಹೇಳ್ತಾರೆ ಅಂದೆ. ಒಂದು, ಸದ್ದು ಕೇಳುತ್ತೆ ಆದ್ರೆ ಮಾತು ಬಿಡಿಸಿ ಕೇಳಲ್ಲ. ಇನ್ನೊಂದು, ಯಾರು ಮಾತಾಡ್ತಿದಾರೆ ಅಂತ ಗೊತ್ತಾಗೋ ಹೊತ್ತಿಗೆ ಕಥೆ ಮುಂದೆ ಹೋಗಿರುತ್ತೆ. ಮೊದಲನೇದು ಕಿವಿ ಮತ್ತು ಸ್ಪೀಕರ್ ವಿಷಯ. ಎರಡನೇದು ಓದಿದವರ ತಪ್ಪು, ದೊಡ್ಡಪ್ಪನದ್ದಲ್ಲ. ಅವರಿಗೆ ಇದು ಒಗ್ಗಲ್ಲ ಅಂತ ಈಗಲೇ ತೀರ್ಮಾನ ಮಾಡ್ಬೇಡ.

ಕಿವಿದು ಬೇಗ ಹೇಳಿಬಿಡ್ತೀನಿ. ವಯಸ್ಸಾದ ಹಾಗೆ ಮೊದಲು ಮಂದ ಆಗೋದು ಕೀರಲು ಕಡೆಯ ಸದ್ದು. ಸ, ಶ, ಚ, ತ ಇವನ್ನೆಲ್ಲ ಕಿವಿ ಗುರುತಿಸೋದು ಆ ಸದ್ದಿನಿಂದಲೇ. ಆ, ಓ, ಊ ಚೆನ್ನಾಗಿ ಕೇಳುತ್ತೆ, ಅದಕ್ಕೇ ಸದ್ದು ಬರುತ್ತೆ ಅಂತಾರೆ. ವಾಲ್ಯೂಮ್ ಏರಿಸಿದ್ರೆ ಸ್ವರಗಳು ಅಬ್ಬರಿಸುತ್ತೆ, ವ್ಯಂಜನ ಮಾತ್ರ ಅಷ್ಟು ಸ್ಪಷ್ಟ ಆಗಲ್ಲ. ಅದರ ಬದಲು ಈಕ್ವಲೈಜರ್‌ನಲ್ಲಿ ಬೇಸ್, ಅಂದ್ರೆ ದಪ್ಪ ಸದ್ದು, ಇಳಿಸಿ ಟ್ರೆಬಲ್, ಅಂದ್ರೆ ಕೀರಲು ಸದ್ದು, ಸ್ವಲ್ಪ ಏರಿಸು. ವೇಗ 0.9ಕ್ಕೆ ಇಡು, 0.8ಕ್ಕಿಂತ ಕೆಳಗೆ ಬೇಡ, ಅಕ್ಷರ ಎಳೆದ ಹಾಗಾಗಿ ವಾಕ್ಯದ ಓಟವೇ ಹೋಗುತ್ತೆ. ಹಿನ್ನೆಲೆಯಲ್ಲಿ ಕೊಳಲು, ಮಳೆ ಸದ್ದು ಅಂತ ಇರೋ ಪುಸ್ತಕ ಅವರಿಗೆ ಹಾಕಲೇಬೇಡ. ಸ್ಪೀಕರನ್ನ ಕಿಟಕಿ ಮೇಲೆ ಇಡೋ ಬದಲು ಅವರ ಮುಖದ ಎದುರಿಗೆ, ಮೂರಡಿ ದೂರದಲ್ಲಿಡು. ಒಂದೇ ಕಿವಿಗೆ ಇಯರ್‌ಫೋನ್ ಹಾಕ್ತಾರೆ ಅಂದ್ರೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ ಆನ್ ಮಾಡು. ಇಲ್ಲದಿದ್ರೆ ಇನ್ನೊಂದು ಕಿವಿಗೆ ಹೋಗಬೇಕಾದ್ದು ಅವರಿಗೆ ಸಿಗೋದೇ ಇಲ್ಲ. ಸ್ಲೀಪ್ ಟೈಮರ್ 30 ನಿಮಿಷಕ್ಕೆ ಇಟ್ಟಿರು, ನಿದ್ದೆ ಬಂದ್ರೂ ಎಲ್ಲಿ ನಿಂತಿತು ಅಂತ ಹುಡುಕೋದು ತಪ್ಪುತ್ತೆ.

ಈಗ ಓದೋ ವಿಷಯ. ಕಥೆ ಹಿಡಿಸೋದೂ ಬಿಡೋದೂ ಇಲ್ಲೇ ತೀರ್ಮಾನ ಆಗೋದು. ಜನ ಧ್ವನಿ ಚೆನ್ನಾಗಿರಬೇಕು ಅಂತಾರೆ. ಧ್ವನಿ ಎಷ್ಟೇ ಇಂಪಾಗಿರಲಿ, ಓದುವವರಿಗೆ ವಾಕ್ಯ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಮೊದಲೇ ಗೊತ್ತಿರಬೇಕು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರೋದು. 'ಎಂದ', 'ಎಂದಳು' ಅನ್ನೋದೂ ಮಾತು ಮುಗಿದ ಮೇಲೇ ಬರೋದು. ಕಣ್ಣಿಂದ ಓದೋರು ಒಂದು ಸಾಲು ಮುಂದೆ ನೋಡಿಕೊಂಡಿರ್ತಾರೆ. ಕೇಳೋರಿಗೆ ಆ ಅನುಕೂಲ ಇಲ್ಲ, ಅವರ ಪರವಾಗಿ ಮುಂದೆ ನೋಡಬೇಕಾದ್ದು ಓದೋರೇ.

ಒಂದು ವಾಕ್ಯ ಹೇಳ್ತೀನಿ, ಮಕ್ಕಳು ಗಟ್ಟಿಯಾಗಿ ಓದಿ ನೋಡ್ಲಿ: 'ಬಾಗಿಲ ಬಳಿ ನಿಂತಿದ್ದ ಮುದುಕ ಕೈಲಿದ್ದ ಕಾಗದ ಮಡಚಿ, ಜೇಬಿಗಿಟ್ಟು, ಮಳೆ ನಿಂತಿದೆಯೋ ಎಂದು ಒಮ್ಮೆ ಹೊರಗೆ ಇಣುಕಿ, ಏನೂ ಹೇಳದೆ ಹೊರಟುಹೋದ.' ಅಭ್ಯಾಸ ಇಲ್ಲದವರು ಪ್ರತಿ ಅಲ್ಪವಿರಾಮಕ್ಕೂ ಧ್ವನಿ ಕೆಳಗಿಳಿಸ್ತಾರೆ. ಕೇಳೋರಿಗೆ ಮೂರು ಸಲ ವಾಕ್ಯ ಮುಗಿದ ಹಾಗಾಗಿ, ನಿಜವಾಗಿ ಮುಗಿಯೋ ಹೊತ್ತಿಗೆ ಮನಸ್ಸು ಬೇರೆ ಕಡೆ ಹೋಗಿರುತ್ತೆ. 'ಮಡಚಿ', 'ಜೇಬಿಗಿಟ್ಟು', 'ಇಣುಕಿ' ಮೂರರ ಕೊನೆಯಲ್ಲೂ ಧ್ವನಿ ಮೇಲೇ ನಿಂತಿರಬೇಕು. ಆಮೇಲೆ ಅರ್ಧ ಸೆಕೆಂಡ್ ತಡೆದು 'ಏನೂ ಹೇಳದೆ' ಅನ್ನೋದಕ್ಕೆ ಜಾಗ ಕೊಡಬೇಕು, ಈ ವಾಕ್ಯ ಇರೋದೇ ಆ ಎರಡು ಪದಕ್ಕಾಗಿ. ಧ್ವನಿ ಇಳಿಯೋದು 'ಹೊರಟುಹೋದ'ದಲ್ಲಿ ಮಾತ್ರ.

ಸಂಭಾಷಣೆಯಲ್ಲಿ ಇನ್ನೂ ಕಷ್ಟ. ಪುಸ್ತಕದಲ್ಲಿ "ಆಯ್ತು, ನಾಳೆ ಬಾ" ಅಂತ ಇದೆ, ಸಮಾಧಾನವಾಗಿ ಓದಿದ್ರು. ಮುಂದಿನ ಪದ 'ಸಿಡುಕಿದ'. ಕೇಳುಗ ಹಿಂದೆ ಹೋಗಿ ಆ ಮಾತನ್ನ ಮನಸ್ಸಲ್ಲೇ ಸಿಡುಕಾಗಿ ಬದಲಾಯಿಸ್ಕೋಬೇಕು, ಅಷ್ಟರಲ್ಲಿ ಇನ್ನೊಬ್ಬರ ಮಾತು ಶುರು. ದೊಡ್ಡಪ್ಪನ ಎರಡನೇ ದೂರು ಇದೇ. ಅದಕ್ಕೆ ಅಧ್ಯಾಯ ಮೊದಲು ಪೆನ್ಸಿಲ್ ಹಿಡಿದು ಪೂರ್ತಿ ಓದಬೇಕು. ಪ್ರತಿ ಮಾತಿನ ಪಕ್ಕ ಯಾರದ್ದು ಅಂತ ಒಂದಕ್ಷರ, ಸಿಡುಕೋ ಪಿಸುಮಾತೋ ಅಂತ ಒಂದು ಗುರುತು. ಈ ಕೆಲಸ ಬಿಟ್ರೆ ಎಷ್ಟು ಒಳ್ಳೆ ಮೈಕ್ ಇದ್ರೂ ಪ್ರಯೋಜನ ಇಲ್ಲ.

ಪಾತ್ರಕ್ಕೊಂದು ಧ್ವನಿ ಅಂತ ಮಿಮಿಕ್ರಿಗೆ ಇಳಿಯೋದು ಬೇಡ. ಆದಿ ಹೆಂಗಸರ ಮಾತಿಗೆ ಕೀರಲು ದನಿ ತೆಗೆದ್ರೆ ಎಂಥ ದುಃಖದ ಸನ್ನಿವೇಶವೂ ನಗೆಪಾಟಲಾಗುತ್ತೆ. ವೇಗದಲ್ಲಿ, ಗಟ್ಟಿತನದಲ್ಲಿ ಸ್ವಲ್ಪ ವ್ಯತ್ಯಾಸ ಸಾಕು: ಅತ್ತೆ ನಿಧಾನ, ಸೊಸೆ ಚುರುಕು, ಮೇಷ್ಟ್ರು ಪ್ರತಿ ಪದ ಬಿಡಿಸಿ. ಒಬ್ಬೊಬ್ಬರದ್ದೂ 10 ಸೆಕೆಂಡ್ ರೆಕಾರ್ಡ್ ಮಾಡಿಟ್ಕೊಳ್ಳಿ, ವಾರ ಬಿಟ್ಟು ಆ ಪಾತ್ರ ಮತ್ತೆ ಬಂದಾಗ ಕೇಳಿಕೊಂಡು ಓದಬಹುದು. ಧಾರವಾಡದ ಮಾತೋ ಕುಂದಾಪುರದ್ದೋ ಇದ್ರೆ, ಆ ಕಡೆಯವರಲ್ಲದವರು ರಾಗ ಎಳೆಯೋಕೆ ಹೋಗ್ಬಾರದು. ಬರೆದವರು ಆ ಭಾಷೆಯನ್ನ ಅಕ್ಷರದಲ್ಲೇ ಇಟ್ಟಿರ್ತಾರೆ, ಇದ್ದಿದ್ದನ್ನ ಇದ್ದ ಹಾಗೆ ಓದಿದ್ರೆ ಆಯ್ತು.

ಇದನ್ನ ಕಲಿಯೋಕೆ ನಮ್ಮಲ್ಲೇ ಒಳ್ಳೆ ಪಾಠಶಾಲೆ ಇದೆ, ಗಮಕ, ಅಂದ್ರೆ ಕಾವ್ಯವನ್ನ ರಾಗವಾಗಿ ಓದೋ ಕಲೆ. ಶಿವಮೊಗ್ಗ ಹತ್ರದ ಹೊಸಹಳ್ಳಿ, ಮತ್ತೂರು ಕಡೆ ಅದು ಇನ್ನೂ ಜೀವಂತವಾಗಿದೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಗಮಕಕ್ಕೇ. ರಾಗ ಇರುತ್ತೆ, ತಾಳ ಇರಲ್ಲ. ಕುಮಾರವ್ಯಾಸನ ಷಟ್ಪದಿ ಓದುವಾಗ ಗಮಕಿ ನಿಲ್ಲೋದು ಅರ್ಥ ನಿಲ್ಲೋ ಕಡೆ, ಪದ ಬಿಡಿಸೋದೂ ಅರ್ಥ ನೋಡಿಕೊಂಡೇ. ಸಿಂಧು ಒಂದು ಗಂಟೆ ಗಮನ ಕೊಟ್ಟು ಕೇಳ್ಲಿ. ರಾಗ ಕಲಿಯೋದು ಬೇಡ, ಅವರು ಎಲ್ಲಿ ನಿಲ್ತಾರೆ ಅನ್ನೋದಷ್ಟೇ ನೋಡ್ಲಿ.

ರೆಕಾರ್ಡಿಂಗ್‌ಗೆ ಫೋನೇ ಸಾಕು. ಫ್ಲೈಟ್ ಮೋಡ್‌ಗೆ ಹಾಕಿ, ಫ್ಯಾನ್ ಆಫ್ ಮಾಡಿ, ಫ್ರಿಜ್ ಸದ್ದು ಕೇಳದ ರೂಮಲ್ಲಿ ಕೂರ್ಲಿ. ಬರೀ ಗೋಡೆ, ಟೈಲ್ಸ್ ಇರೋ ರೂಮಲ್ಲಿ ಮಾತು ಮೊಳಗುತ್ತೆ. ಹಾಸಿಗೆ, ಬಟ್ಟೆ ತುಂಬಿದ ಬೀರು ಇರೋ ಕಡೆ ಬೀರು ಬಾಗಿಲು ತೆರೆದಿಟ್ಟು ಅದರ ಎದುರಿಗೆ ಓದಿದ್ರೆ ತುಂಬ ವ್ಯತ್ಯಾಸ. ಫೋನ್ ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಕೆನ್ನೆ ಪಕ್ಕಕ್ಕೆ. ಪ, ಭ, ಫ ಬಂದಾಗ ಬಾಯಿಂದ ಹೊರಡೋ ಗಾಳಿ ಮೈಕಿಗೆ ಬಡಿದು 'ಢಬ್' ಅನ್ನುತ್ತೆ. ಅದನ್ನ ಆಮೇಲೆ ಸರಿ ಮಾಡೋದು ಬಹಳ ಕಷ್ಟ. ಹಾಳೆ ತಿರುಗಿಸೋ ಸದ್ದೂ ಅಷ್ಟೇ, ವಾಕ್ಯದ ಮಧ್ಯೆ ತಿರುಗಿಸಬಾರದು. ಓದೋ ಮುಂಚೆ ಹಾಲು, ಕಾಫಿ ಬೇಡ, ಬಾಯಿ ಅಂಟಂಟಾಗಿ ಚಪ್ಪರಿಸೋ ಸದ್ದು ಬರುತ್ತೆ. ಉಗುರುಬೆಚ್ಚಗಿನ ನೀರು ಇಟ್ಟುಕೊಂಡ್ರೆ ಸಾಕು.

ತಪ್ಪಾದ್ರೆ ನಿಲ್ಲಿಸೋದು ಬೇಡ. ಒಂದು ಚಪ್ಪಾಳೆ ಹೊಡೆದು ಆ ವಾಕ್ಯ ಮೊದಲಿಂದ ಓದಿ. ಆಡಾಸಿಟಿ ಅನ್ನೋ ಸದ್ದು ಕತ್ತರಿಸಿ ಜೋಡಿಸೋ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಚಪ್ಪಾಳೆ ಗೆರೆ ಎದ್ದು ಕಾಣುತ್ತೆ, ಹುಡುಕೋದು ಸುಲಭ. ಶುರುವಿನಲ್ಲಿ 10 ಸೆಕೆಂಡ್ ಸುಮ್ಮನಿದ್ದು ರೂಮಿನ ಸದ್ದು ಹಿಡಿದಿಡಿ. ಕತ್ತರಿಸಿದ ಜಾಗಕ್ಕೆ ತೇಪೆ ಹಾಕೋಕೆ, ಗುಂಯ್ ಅನ್ನೋದು ತೆಗೆಯೋಕೆ ಅದೇ ಬೇಕು. ಹಾಗೆ ತೆಗೆಯೋವಾಗ 6 ಡೆಸಿಬಲ್ ಸಾಕು, 18ಕ್ಕೆ ಏರಿಸಿದ್ರೆ ನೀರೊಳಗಿಂದ ಮಾತಾಡಿದ ಹಾಗಾಗುತ್ತೆ. ಆಡಿಯೋ ಪುಸ್ತಕ ಮಾರೋ ಆಡಿಬಲ್‌ಗೆ ಪುಸ್ತಕ ಕೊಡೋರು ಪಾಲಿಸೋ ಅಳತೆ ಹೀಗಿದೆ: ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬಲ್, ತೀರಾ ಜೋರಾದ ಕಡೆಯೂ ಮೈನಸ್ 3 ದಾಟಬಾರದು, ಸುಮ್ಮನಿದ್ದಾಗಿನ ಸದ್ದು ಮೈನಸ್ 60ಕ್ಕಿಂತ ಕೆಳಗೆ. ಮನೆಯಲ್ಲಿ ಕೊನೇದು ಸಿಗೋದು ಕಷ್ಟ, ಮೊದಲೆರಡು ಮಾತ್ರ ಬಿಡ್ಬೇಡಿ. ಇಲ್ಲದಿದ್ರೆ ಒಂದು ಅಧ್ಯಾಯ ಕಿರುಚುತ್ತೆ, ಇನ್ನೊಂದು ಪಿಸುಗುಟ್ಟುತ್ತೆ, ದೊಡ್ಡಪ್ಪ ರಿಮೋಟ್ ಹಿಡಿದೇ ಕೂತಿರಬೇಕಾಗುತ್ತೆ.

ಒಂದು ಸಲಕ್ಕೆ 40 ನಿಮಿಷಕ್ಕಿಂತ ಜಾಸ್ತಿ ಓದಬೇಡಿ, ಗಂಟಲು ದಣಿದದ್ದು ಕೇಳೋರಿಗೆ ತಕ್ಷಣ ಗೊತ್ತಾಗುತ್ತೆ. ದಿನಾ ಒಂದೇ ಹೊತ್ತಿಗೆ ಓದಿ, ಬೆಳಗಿನ ಗಂಟಲೇ ಬೇರೆ, ರಾತ್ರಿದೇ ಬೇರೆ. ಶುರು ಮಾಡೋ ಮುಂಚೆ ಹಿಂದಿನ ದಿನದ ಕೊನೇ ಒಂದು ನಿಮಿಷ ಕೇಳಿಸ್ಕೊಳ್ಳಿ.

ಮೊದಲಿಗೆ ಕಾದಂಬರಿ ಬೇಡ. ಮೂರ್ನಾಲ್ಕು ಪಾತ್ರ ಇರೋ, 20 ನಿಮಿಷದಲ್ಲಿ ಮುಗಿಯೋ ಸಣ್ಣಕಥೆ ತಗೊಳ್ಳಿ. ಆಮೇಲೆ ಆದಿ ಯೂಟ್ಯೂಬಿಗೆ ಹಾಕ್ತೀನಿ ಅಂದಾನು. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಪುಸ್ತಕಕ್ಕೆ ಕಾಪಿರೈಟ್ ಹಕ್ಕು ಇರುತ್ತೆ. ಕಣ್ಣಿನ ತೊಂದರೆ ಇರೋರಿಗೆ ಲಾಭ ಇಲ್ಲದೆ ಓದಿಕೊಡೋಕೆ 2012ರ ತಿದ್ದುಪಡಿಯಲ್ಲಿ ಅವಕಾಶ ಇದೆ. ಊರಿಗೆಲ್ಲ ಹಾಕೋದು ಬೇರೆ ವಿಷಯ, ಅದಕ್ಕೆ ಅನುಮತಿ ಬೇಕು.

ಓದಿದ್ದನ್ನ ವಾಯ್ಸ್ ಮೆಸೇಜ್ ಆಗಿ ಮಾತ್ರ ಕಳಿಸ್ಬೇಡಿ. ವಾಟ್ಸಾಪ್ ಅದನ್ನ ತುಂಬ ಹಿಂಡುತ್ತೆ, ದೊಡ್ಡಪ್ಪನಿಗೆ ಬೇಕಾದ ಆ ಸ, ಶ, ಚಗಳೇ ಮಂದ ಆಗುತ್ತೆ. ಫೈಲನ್ನ ಡಾಕ್ಯುಮೆಂಟ್ ಆಗಿ ಕಳಿಸಿ, ಹೆಸರು 01, 02 ಅಂತ ಎರಡಂಕಿಯಲ್ಲಿಡಿ. ಬರೀ 1, 2 ಅಂತ ಇಟ್ರೆ ಕೆಲವು ಪ್ಲೇಯರ್‌ಗಳಲ್ಲಿ 1 ಆದ್ಮೇಲೆ 10 ಬರುತ್ತೆ. ಸಿಂಧು ಮೊದಲ ಐದು ನಿಮಿಷ ಓದಿ ಹಾಗೇ ಕಳಿಸ್ಲಿ ಅಕ್ಕ, ಕೇಳಿ ಎಲ್ಲೆಲ್ಲಿ ನಿಲ್ಲಬೇಕಿತ್ತು ಅಂತ ಗುರುತು ಹಾಕಿ ಕೊಡ್ತೀನಿ.