ಬೋರ್ ನೀರಿನ ರಿಪೋರ್ಟ್ ಬಂದಿದೆ. ಹೊಸ ಬೋರ್‌ಗೆ ದುಡ್ಡು ಹಾಕುವ ಮುಂಚೆ ಓದಿ

ಮನೆ 12: ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಬೋರ್ ನೀರಿನಲ್ಲಿ ನೈಟ್ರೇಟ್ ಮಿತಿ ದಾಟಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್‌ಗೆ ಕೊನೆಯ ಮಿತಿ 1.5, ನಮ್ಮದು ಅಂಚಿನಲ್ಲಿದೆ. ಕೂಸಿರುವ ಮನೆಯವರು ದಯವಿಟ್ಟು ಈ ನೀರಿನಲ್ಲಿ ಹಾಲಿನ ಪುಡಿ ಕಲಸಬೇಡಿ. ಎಳೆ ಮಕ್ಕಳಿಗೆ ನೈಟ್ರೇಟ್ ಜಾಸ್ತಿಯಾದರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟಬಹುದು.

ಮನೆ 31: ಮೇಷ್ಟ್ರೇ, ನಾವು ಚೆನ್ನಾಗಿ ಕುದಿಸಿಯೇ ಕುಡಿಯುತ್ತೇವೆ. ಸಾಕಲ್ವಾ?

ಮನೆ 12: ಸಾಲದು ಅಕ್ಕ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೂ ಅಷ್ಟೇ.

ಮನೆ 7: ಇದೆಲ್ಲ ಬೆಂಗಳೂರಿನ ಕೊಳಚೆ ಸ್ವಾಮಿ. 2018ರಿಂದ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಕೊಳಚೆ ನೀರನ್ನು ನಮ್ಮ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ, ಅದೂ ಎರಡೇ ಹಂತ ಶುದ್ಧ ಮಾಡಿ. ನಾವೇನು ಮಾಡೋಕಾಗುತ್ತೆ? ಈ ಬೋರ್ ಬಿಟ್ಟು 1,400 ಅಡಿ ಕೊರೆಸೋಣ. ಆಳದ ನೀರು ಶುದ್ಧವಾಗಿರುತ್ತೆ.

ಮನೆ 19: ಸಾರ್, ನಾನು ಬೋರ್ ಪಾಯಿಂಟ್ ನೋಡುವ ಕೆಲಸದಲ್ಲೇ ಇದ್ದವಳು. ಕೆರೆ ನೀರಿನ ಬಗ್ಗೆ ನಿಮ್ಮ ಅನುಮಾನ ಸರಿಯೇ, ಮೂರನೇ ಹಂತದ ಶುದ್ಧೀಕರಣ ಕೇಳಲೇಬೇಕು. ಆದರೆ ನಮ್ಮ ಬಡಾವಣೆ ಕೆರೆಗಿಂತ ಎತ್ತರದಲ್ಲಿದೆ. ಮೊದಲು ನಮ್ಮ ಕಾಲ ಕೆಳಗೆ ನೋಡೋಣ.

ಇಲ್ಲಿ ಯುಜಿಡಿ (ಒಳಚರಂಡಿ) ಇಲ್ಲ, ಪ್ರತಿ ಮನೆಗೂ ಶೌಚದ ಪಿಟ್. (ಸೈಟು ಮಾರಿದವರ ಕರಪತ್ರದಲ್ಲಿ ‘ಸಕಲ ಸೌಕರ್ಯ’ ಅಂತಿತ್ತು.) ಪಿಟ್‌ನಲ್ಲಿರುವ ಮಲಮೂತ್ರದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಣ್ಣು ಅದನ್ನು ಹಿಡಿದಿಡುವುದೂ ಇಲ್ಲ. ಕೆಳಗೆ ಕರಿಕಲ್ಲಿನ ಬಿರುಕುಗಳು ಸಿಕ್ಕಿದ ಮೇಲೆ ಸೋಸುವವರು ಯಾರು? ಕೇಸಿಂಗ್ (ಬೋರ್‌ನ ಮೇಲ್ಭಾಗಕ್ಕೆ ಇಳಿಸುವ ಪೈಪು) ಸರಿಯಾಗಿ ಕೂರದ ಬೋರ್ ಆದರೆ ಕೊಳೆ ನೀರು ಪೈಪಿನ ಪಕ್ಕದಿಂದಲೇ ಇಳಿಯುತ್ತದೆ.

ಶೌಚದ ನೀರು ಇಂಗುವ ಪಿಟ್‌ಗೂ ಕುಡಿಯುವ ನೀರಿನ ಬಾವಿಗೂ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಬೇಕು ಅನ್ನುತ್ತದೆ ಭಾರತೀಯ ಮಾನಕ. 30×40 ಸೈಟಿನಲ್ಲಿ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಅಳೆದರೂ 50 ಅಡಿಯೇ. ಮನೆಗೊಂದು ಪಿಟ್, ಮನೆಗೊಂದು ಬೋರ್ ಇರುವ ಕಡೆ ಈ ನಿಯಮ ಪಾಲಿಸಲು ಜಾಗವೇ ಇಲ್ಲ.

ಆಳಕ್ಕೆ ಹೋದರೆ ಇನ್ನೊಂದು ತಾಪತ್ರಯ. ಫ್ಲೋರೈಡ್ ಇರುವುದು ಕಲ್ಲಿನಲ್ಲೇ. ಆಳದ ನೀರು ಬಹಳ ಕಾಲ ಕಲ್ಲಿನ ಜೊತೆ ಕೂತಿರುತ್ತದೆ, ಹಾಗಾಗಿ ಅದರಲ್ಲಿ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆಯೇ ಜಾಸ್ತಿ. ನಮ್ಮ ಕಡೆಯ ಮಕ್ಕಳ ಹಲ್ಲಿನ ಕಂದು ಕಲೆ ನೋಡಿದ್ದೀರಲ್ಲ.

ಮನೆ 7: ಹಾಗಾದರೆ ಬೋರೇ ಬೇಡ ಅಂತೀರಾ ಮೇಡಂ? ಬೇಸಿಗೆಯಲ್ಲಿ ಟ್ಯಾಂಕರ್‌ನವನ ಕಾಲು ಹಿಡಿಯೋಣವಾ?

ಮನೆ 19: ಈಗ ಬೇಡ ಅಂತೀನಿ. ಅನುಮತಿ ಇಲ್ಲದೆ ಕೊರೆಸುವ ಹಾಗೂ ಇಲ್ಲ, 2011ರ ಅಂತರ್ಜಲ ಕಾಯ್ದೆ ನಮ್ಮ ಜಿಲ್ಲೆಗೆ ಅನ್ವಯಿಸುತ್ತದೆ.

ಮನೆ 31: ನಮ್ಮಲ್ಲಿ ಆರ್‌ಒ ಇದೆ. ಅದು ಹೊರಬಿಡುವ ನೀರನ್ನು ಮಳೆನೀರಿನ ಇಂಗು ಗುಂಡಿಗೇ ಬಿಟ್ಟಿದ್ದೇವೆ, ವೇಸ್ಟ್ ಆಗಬಾರದು ಅಂತ.

ಮನೆ 19: ಅಯ್ಯೋ ಬೇಡ ಅಕ್ಕ. ಆರ್‌ಒ ನೈಟ್ರೇಟನ್ನೂ ಫ್ಲೋರೈಡನ್ನೂ ನಾಶ ಮಾಡುವುದಿಲ್ಲ, ಬೇರ್ಪಡಿಸಿ ಆ ನೀರಿನಲ್ಲಿ ಆಚೆ ಕಳಿಸುತ್ತದೆ. ನೀವು ಅದನ್ನೇ ಭೂಮಿಗೆ ವಾಪಸ್ ಕೊಡುತ್ತಿದ್ದೀರಿ. ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ. ಇಂಗು ಗುಂಡಿಗೆ ಚಾವಣಿಯ ಮಳೆನೀರು ಮಾತ್ರ, ಮೊದಲ ಮಳೆಯ ಕೊಳೆ ಬಿಟ್ಟು.

ಮನೆ 24: ಕೆಲಸದ ಮಾತಿಗೆ ಬರೋಣ. ಭಾನುವಾರ ಬೆಳಿಗ್ಗೆ ನಾನು ಟೇಪು ತರುತ್ತೇನೆ. ಪ್ರತಿ ಪಿಟ್‌ನಿಂದ ಹತ್ತಿರದ ಬೋರ್‌ವರೆಗೆ ಅಳೆದು ನಕ್ಷೆ ಮಾಡೋಣ, ಪಕ್ಕದ ಮನೆಯವರ ಬೋರ್ ಕೂಡ ಸೇರಿಸಿ. ಅದನ್ನು ರಿಪೋರ್ಟ್ ಜೊತೆ ಇಟ್ಟು ನಗರಸಭೆಗೆ ಯುಜಿಡಿ ಅರ್ಜಿ ಕೊಡೋಣ. ಸುಮ್ನೆ ‘ಸೌಲಭ್ಯ ಕೊಡಿ’ ಅಂದರೆ ಫೈಲ್ ಅಲ್ಲೇ ಕೂರುತ್ತದೆ.

ಮನೆ 12: ಮೂರು ಬೋರ್‌ಗಳ ನೀರು ಮತ್ತೆ ಪರೀಕ್ಷೆಗೆ ಕೊಡೋಣ: ಮೇಲಿನ ಬೀದಿಯದು, ನಮ್ಮದು, ಕೆರೆ ಪಕ್ಕದ್ದು. ಈಗೊಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ. ಯಾರಿಂದ ಕೆಟ್ಟಿದೆ ಅನ್ನುವ ಜಗಳಕ್ಕೆ ಸ್ವಲ್ಪ ಆಧಾರ ಸಿಗುತ್ತದೆ.

ಮನೆ 7: ಕೆರೆ ಪಕ್ಕದ ಬೋರ್ ನಮ್ಮ ಭಾವನವರದು, ನೀರು ನಾನೇ ತರುತ್ತೇನೆ. ಹೊಸ ಬೋರ್ ದುಡ್ಡು ವಸೂಲಿ ರಿಪೋರ್ಟ್ ಬರುವವರೆಗೆ ನಿಲ್ಲಲಿ. ಆದರೆ ಕೈಬಿಟ್ಟಿದ್ದೇವೆ ಅಂತ ಬರೆದುಕೊಳ್ಳಬೇಡಿ.

ಮನೆ 24: ‘ಮುಂದೂಡಿದೆ’ ಅಂತ ಬರೆದಿದ್ದೇನೆ ಸಾರ್. ಭಾನುವಾರ ಏಳಕ್ಕೆ, ಓವರ್‌ಹೆಡ್ ಟ್ಯಾಂಕ್ ಹತ್ತಿರ.